ಬಾಸ್ ವಿಡಿಯೋ ನೋಡಿ ಹೇಮಾವತಿಗೆ ಇಳಿಯುವ ಮುಂಚೆ

ನನ್ನ ಬಲಗೈ ಹೆಬ್ಬೆರಳಿನ ಮೇಲೆ ಸಣ್ಣ ಸಣ್ಣ ಚುಕ್ಕಿಗಳ ಒಂದು ಸಾಲಿದೆ. ಕೊರವ ಮೀನಿನ ಹಲ್ಲಿನ ಗುರುತು. ತಪ್ಪು ಮೀನಿನದಲ್ಲ, ನನ್ನದೇ. ಬಾಸ್ ಅನ್ನುವ ಮೀನು ಹಿಡಿಯುವ ಅಮೆರಿಕದ ವಿಡಿಯೋಗಳಲ್ಲಿ ಮೀನಿನ ಬಾಯೊಳಗೆ ಹೆಬ್ಬೆರಳು ಹಾಕಿ, ಕೆಳದವಡೆ ಹಿಡಿದು ಎತ್ತಿ, ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಾರೆ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮೊದಲ ಕೊರವ ಸಿಕ್ಕ ಖುಷಿಗೆ ನಾನೂ ಹಾಗೇ ಮಾಡಿದೆ. ಬಾಸ್ ಬಾಯಲ್ಲಿರುವುದು ಉಪ್ಪು ಕಾಗದದ ಹಾಗೆ ತರಿತರಿಯಾದ ಪುಟ್ಟ ಹಲ್ಲು. ಕೊರವನ ಬಾಯಲ್ಲಿರುವುದು ಕಚ್ಚಲಿಕ್ಕೆಂದೇ ಇರುವ ಹಲ್ಲು. ಅದು ಒಂದೇ ಸಲ ತಲೆ ಕೊಡವಿತು. ಮೀನು ನೀರಿಗೆ ಹೋಯಿತು, ನಾನು ಕೈಗೆ ಟವೆಲ್ ಸುತ್ತಿಕೊಂಡು ಮನೆಗೆ ಬಂದೆ.

ಹಾಸನ, ಚಿಕ್ಕಮಗಳೂರು ಕಡೆ ಈಗ ಗಾಳ ಹಿಡಿದವರು ಜಾಸ್ತಿ ಕಾಣುತ್ತಿದ್ದಾರೆ. ಬಿದಿರು ಕಡ್ಡಿ, ಎರೆಹುಳದ ಜಾಗಕ್ಕೆ ರಾಡು, ರೀಲು, ರಬ್ಬರ್ ಕಪ್ಪೆ ಬಂದಿವೆ. ಭಾನುವಾರ ಬೆಳಗ್ಗೆ ಗಾಳಿ ತುಂಬುವ ದೋಣಿಯನ್ನು ಮಡಚಿ ಓಮ್ನಿ ಹಿಂದೆ ಹಾಕಿಕೊಂಡು ಹೊರಡುತ್ತಾರೆ. ಕಲಿಯುವುದೆಲ್ಲ ಬಾಸ್ ವಿಡಿಯೋಗಳಿಂದ. ಅದರಲ್ಲಿ ಅವಮಾನವೇನಿಲ್ಲ, ನಾನೂ ಅಲ್ಲೇ ಕಲಿತವನು. ಆದರೆ ಅವರು ಹೇಳುವುದರಲ್ಲಿ ಅರ್ಧ ಇಲ್ಲಿ ಚೆನ್ನಾಗಿ ನಡೆಯುತ್ತದೆ, ಇನ್ನರ್ಧ ಬೆರಳು ಕಚ್ಚಿಸುತ್ತದೆ. ಯಾವುದು ಯಾವ ಅರ್ಧ ಅಂತ ಗೊತ್ತಾಗಬೇಕಾದರೆ, ಅಲ್ಲಿ ಅದು ಯಾಕೆ ನಡೆಯುತ್ತದೆ ಅಂತ ತಿಳಿದಿರಬೇಕು. ಮೀನಿನ ವಿಷಯದಲ್ಲೂ ಹಾಗೇ, ದೋಣಿಯ ವಿಷಯದಲ್ಲೂ ಹಾಗೇ.

ಅಲ್ಲಿಯ ಬಾಸ್, ಇಲ್ಲಿಯ ಕೊರವ

ವಿಡಿಯೋದಲ್ಲಿ ಕಾಣುವುದು ಹೆಚ್ಚಾಗಿ ಲಾರ್ಜ್‌ಮೌತ್ ಬಾಸ್. ಉತ್ತರ ಅಮೆರಿಕದ ಮೀನು. ನಮ್ಮ ಹೊಳೆಯದ್ದಲ್ಲ. ಇದರ ದಾಖಲೆ ಸುಮಾರು 10 ಕೆ.ಜಿ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಎಂಬಾತ ಹಿಡಿದದ್ದು. ಅದನ್ನು ಸರಿಗಟ್ಟಲು 77 ವರ್ಷ ಬೇಕಾಯಿತು. 2009ರಲ್ಲಿ ಮನಾಬು ಕುರಿಟಾ ಹಿಡಿದರು, ಅದೂ ಜಪಾನಿನ ಬಿವಾ ಸರೋವರದಲ್ಲಿ. ಅಮೆರಿಕದ ಮೀನು ಜಪಾನಿಗೆ ಹೇಗೆ ಹೋಯಿತು ಅಂದರೆ, 1925ರಲ್ಲಿ ಅಲ್ಲಿನ ಆಶಿ ಸರೋವರಕ್ಕೆ ತಂದು ಬಿಟ್ಟಿದ್ದರು. ಮುಂದೆ ಅದು ದೇಶವೆಲ್ಲ ಹಬ್ಬಿ ಅಲ್ಲಿನ ಸಣ್ಣ ಮೀನುಗಳನ್ನು ತಿಂದುಹಾಕಿತು. 2005ರಲ್ಲಿ ಜಪಾನ್ ಅದನ್ನು ಹಾನಿಕಾರಕ ಹೊರಜೀವಿ ಅಂತ ಕಾನೂನಿನ ಪಟ್ಟಿಗೆ ಸೇರಿಸಿತು. ‘ಯಗಚಿಗೋ ಹೇಮಾವತಿಗೋ ನಾಲ್ಕು ಬಾಸ್ ಮರಿ ತಂದು ಬಿಟ್ರೆ ಹೇಗೆ?’ ಅಂತ ನನ್ನ ಭಾವ ಒಂದು ಸಲ ಕೇಳಿದ್ದ. ಇದೇ ಕಥೆ ಹೇಳಿದೆ.

ಬಾಸ್ ಬೇಕಾಗಿಯೂ ಇಲ್ಲ. ಅದರ ಕೆಲಸ ಮಾಡುವ ಮೀನು ನಮ್ಮ ಕೆರೆಗಳಲ್ಲಿ ಮೊದಲಿಂದಲೂ ಇದೆ. ಕೊರವ ಅನ್ನಿ, ಮರಲ್ ಅನ್ನಿ, ಒಂದೊಂದು ಊರಿಗೆ ಒಂದೊಂದು ಹೆಸರು. ಉದ್ದ ಮೈ, ಹಾವಿನಂಥ ತಲೆ, ಅಗಲ ಬಾಯಿ.

ಇವೆರಡೂ ಹೊಂಚು ಹಾಕುವ ಮೀನುಗಳು. ಓಡಿಸಿಕೊಂಡು ಹೋಗಿ ಬೇಟೆಯಾಡುವುದು ಕಡಿಮೆ. ಜೊಂಡು, ತಾವರೆ ಎಲೆ, ಮುಳುಗಿದ ಬೇರು, ಹೀಗೆ ಯಾವುದಾದರೂ ಮರೆಯಲ್ಲಿ ಅಲ್ಲಾಡದೆ ನಿಂತು ಎದುರಿಗೆ ಬಂದದ್ದನ್ನು ಒಂದೇ ನೆಗೆತಕ್ಕೆ ಹಿಡಿಯುತ್ತವೆ. ಹಾಗಾಗಿ ‘ಮರೆ ಇರುವ ಕಡೆ ಗಾಳ ಎಸೆ’ ಅನ್ನುವ ಬಾಸ್ ಪಾಠ ಇಲ್ಲಿ ಅಕ್ಷರಶಃ ನಡೆಯುತ್ತದೆ. ರಬ್ಬರ್ ಕಪ್ಪೆಯೂ ನಡೆಯುತ್ತದೆ. ಅದರ ಎರಡು ಗಾಳವೂ ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುತ್ತವೆ, ಆದ್ದರಿಂದ ಜೊಂಡಿನ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರ್ ಅಮುಕಿ ಗಾಳ ಹೊರಗೆ ಬರುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಕಪ್ಪೆಯ ಮೇಲೆ ನೀರು ‘ಧಬ್’ ಅಂತ ಸಿಡಿದ ಕೂಡಲೇ ರಾಡು ಎಳೆದರೆ ನೂರಕ್ಕೆ ಅರವತ್ತು ಸಲ ಖಾಲಿ ಕಪ್ಪೆ ಹಾರಿಕೊಂಡು ನಿಮ್ಮ ಮುಖಕ್ಕೆ ಬರುತ್ತದೆ. ಅರವತ್ತು ಅಂದದ್ದು ನನ್ನ ಹೊಟ್ಟೆಯುರಿಯ ಲೆಕ್ಕ, ಬಿಡಿ. ಮೀನು ಇನ್ನೂ ಬಾಯಿ ಮುಚ್ಚಿರುವುದಿಲ್ಲ, ಅಥವಾ ಕಪ್ಪೆಯನ್ನು ತುದಿಯಲ್ಲಿ ಕಚ್ಚಿರುತ್ತದೆ. ಸಿಡಿದ ಸದ್ದಿಗೆ ಕೈ ಆಡಿಸಬೇಡಿ. ದಾರ ಭಾರವಾದದ್ದು ಕೈಗೆ ಗೊತ್ತಾದ ಮೇಲೆ ಎಳೆಯಿರಿ. ಆಗ ಅರೆಮನಸ್ಸಿನಿಂದ ಎಳೆಯಬೇಡಿ. ಕೊರವನ ದವಡೆ ಎಲುಬೇ ಎಲುಬು, ಮೆತ್ತಗೆ ಎಳೆದರೆ ಗಾಳ ಇಳಿಯುವುದಿಲ್ಲ. ಜೊಂಡಿನೊಳಗೆ ನುಗ್ಗಿದರೆ ತೆಳು ನೈಲಾನ್ ದಾರ ತಡೆಯುವುದೂ ಇಲ್ಲ. ಅಲ್ಲಿಗೆ 40 ಪೌಂಡ್ ಭಾರ ತಡೆಯುವ ಹೆಣೆದ ದಾರ ಬೇಕು.

ಇನ್ನು ಬಾಸ್ ಪಾಠ ಕೈಕೊಡುವ ಜಾಗ. ಬಾಸ್ ಉಸಿರಾಡುವುದು ಕಿವಿರಿನಿಂದ. ಕೊರವನಿಗೂ ಕಿವಿರಿದೆ, ಆದರೆ ಅದು ಸಾಲದು. ತಲೆಯೊಳಗೆ ಗಾಳಿ ಹಿಡಿದಿಡುವ ಒಂದು ಗೂಡು ಇದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗಬೇಕು. ಹಾಗೆ ಬರಲು ಬಿಡದೆ ಬಲೆಯಲ್ಲಿ ಕೆಳಗೇ ಸಿಕ್ಕಿಸಿಟ್ಟರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಮೀನು ಮುಳುಗಿ ಸತ್ತಿತು ಅಂದರೆ ಯಾರೂ ನಂಬುವುದಿಲ್ಲ, ಆದರೆ ಇದು ಹಾಗೇ.

ಇದರಿಂದ ಗಾಳದವನಿಗೆ ಲಾಭ ಇದೆ. ಬಿರುಬೇಸಿಗೆಯ ಮಧ್ಯಾಹ್ನ ‘ಬಾಸ್ ತಂಪು ಹುಡುಕಿ ಆಳಕ್ಕೆ ಹೋಗುತ್ತದೆ, ನೀವೂ ಆಳಕ್ಕೆ ಹೋಗಿ’ ಅಂತ ವಿಡಿಯೋ ಹೇಳುತ್ತದೆ. ಕೊರವ ಮೊಣಕಾಲುದ್ದದ ಬಿಸಿ ನೀರಿನಲ್ಲೇ, ಜೊಂಡಿನ ನೆರಳಲ್ಲಿ ಇರುತ್ತದೆ. ನೀರಿನಲ್ಲಿ ಆಮ್ಲಜನಕ ಕಮ್ಮಿಯಾದರೆ ಅದಕ್ಕೇನು, ಮೇಲಿಂದ ಕುಡಿದುಕೊಳ್ಳುತ್ತದೆ. ದಡದಲ್ಲಿ ಸುಮ್ನೆ ಹದಿನೈದು ನಿಮಿಷ ಕೂತು ನೋಡಿ. ಎಲ್ಲಿ ‘ಪ್ಲಕ್’ ಅಂತ ಸಣ್ಣ ಸದ್ದಾಗಿ ನೀರಿನ ಮೇಲೆ ಉಂಗುರ ಏಳುತ್ತದೋ ಅಲ್ಲೊಂದು ಇದೆ. ಸಾವಿರಾರು ರೂಪಾಯಿಯ ಫಿಶ್ ಫೈಂಡರ್ ಮಾಡುವ ಕೆಲಸವನ್ನು ಮೀನೇ ಮಾಡಿಕೊಡುತ್ತದೆ.

ಮಳೆಗಾಲ ಶುರುವಾದ ಮೇಲೆ ಇನ್ನೊಂದು ಗುರುತು ಕಾಣುತ್ತದೆ. ನೀರಿನ ಮೇಲ್ಪದರದಲ್ಲಿ ಕೆಂಪುಗೆಂಪಾದ ಒಂದು ಮುದ್ದೆ, ಕುದಿಯುವ ಹಾಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ನೂರಾರು ಕೊರವ ಮರಿಗಳು. ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಬಾಸ್‌ನಲ್ಲಿ ಗೂಡು, ಮರಿ ಕಾಯುವುದು ಗಂಡು. ಆ ಮುದ್ದೆಯ ಮೇಲೆ ಕಪ್ಪೆ ಎಸೆದರೆ ಮೀನು ಸಿಗುವುದು ಬಹುಪಾಲು ಗ್ಯಾರಂಟಿ. ಅದು ಹಸಿವಿಗೆ ಕಚ್ಚುವುದಿಲ್ಲ, ಮರಿಗೆ ಬಂದ ಶತ್ರು ಅಂತ ಕಚ್ಚುತ್ತದೆ. ಅದನ್ನು ಎತ್ತಿದರೆ ಉಳಿದ ಮೀನುಗಳು ಮರಿಗಳನ್ನು ಸಂಜೆಯೊಳಗೆ ಮುಗಿಸಿಬಿಡುತ್ತವೆ. ನನ್ನ ಪ್ರಕಾರ ಅದು ಗಾಳ ಹಾಕುವುದಲ್ಲ, ಕಳ್ಳತನ.

ಬಿಡುವುದಾದರೆ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಗಿದ ಕೈ ಮೀನಿನ ಲೋಳೆ ಕೀಳುತ್ತದೆ, ಲೋಳೆ ಹೋದ ಕಡೆ ರೋಗ ಹತ್ತುತ್ತದೆ. ಗಾಳ ಬಿಡಿಸಲು ಉದ್ದ ಮೂತಿಯ ಇಕ್ಕಳ ಬಳಸಿ, ಹೆಬ್ಬೆರಳು ಬೇಡ.

ಮೀನಿಗೆ ಮನೆ, ದೋಣಿಗೆ ಮುಳ್ಳು

ಬಾಸ್ ವಿಡಿಯೋದ ಸರೋವರಗಳಲ್ಲಿ ನೀರಿನ ಮಟ್ಟ ಸಾಮಾನ್ಯವಾಗಿ ಅಷ್ಟಾಗಿ ಏರಿಳಿಯುವುದಿಲ್ಲ. ನಮ್ಮದು ಹಾಗಲ್ಲ. 1979ರಲ್ಲಿ ಮುಗಿದ ಗೊರೂರು ಅಣೆಕಟ್ಟಿನ ಗರಿಷ್ಠ ಮಟ್ಟ 2922 ಅಡಿ. ಬೇಸಿಗೆಗೆ ನೀರು ಎಷ್ಟು ಇಳಿಯುತ್ತದೆ ಅಂತ ತಿಳಿಯಲು ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆ ಚರ್ಚ್ ನೋಡಿದರೆ ಸಾಕು. ಮಳೆಗಾಲದಲ್ಲಿ ಗೋಡೆಯ ನಡುವೆ ನೀರು ನಿಂತಿರುತ್ತದೆ. ಬೇಸಿಗೆಯಲ್ಲಿ ಜನ ಅಲ್ಲಿ ಕಾರು ನಿಲ್ಲಿಸಿ ಮದುವೆ ಫೋಟೋ ತೆಗೆಸುತ್ತಾರೆ.

ಇದರ ಅರ್ಥ, ಇವತ್ತು ನೀವು ದೋಣಿ ಹಾಯಿಸುವ ಜಾಗ ನಾಲ್ಕು ತಿಂಗಳ ಹಿಂದೆ ಹುಲ್ಲುಗಾವಲು. ಅದಕ್ಕೂ ಹಿಂದೆ ಯಾರದೋ ಹೊಲ, ತೋಟ, ಬಾವಿ. ಆ ಬದು, ಮರದ ಬೊಡ್ಡೆ, ಕಲ್ಲುಗೋಡೆ ಎಲ್ಲ ಕೆಳಗೆ ಹಾಗೇ ಇವೆ. ನೀರು ಏರುವಾಗ ಹೊಸದಾಗಿ ಮುಳುಗಿದ ಹುಲ್ಲಿಗೆ ಹುಳು, ಕಪ್ಪೆ, ಸಣ್ಣ ಮೀನು ಬರುತ್ತವೆ, ಹಿಂದೆಯೇ ಕೊರವ ಬರುತ್ತದೆ. ಆಗ ದಡದ ಅಂಚೇ ಒಳ್ಳೆಯ ಜಾಗ. ನೀರು ಇಳಿಯುವಾಗ ಮೀನು ಹಿಂದೆ ಸರಿದು ಹಳೆ ಹಳ್ಳದ ಸಾಲು, ಬೊಡ್ಡೆ ಹಿಡಿಯುತ್ತದೆ. ಪೇಪರಿನಲ್ಲಿ ಬರುವ ಜಲಾಶಯದ ಮಟ್ಟ ರೈತರಿಗೆ ಮಾತ್ರ ಅಂದುಕೊಳ್ಳಬೇಡಿ. ನಿನ್ನೆಗೂ ಇವತ್ತಿಗೂ ಏರಿದೆಯೋ ಇಳಿದಿದೆಯೋ ನೋಡಿಕೊಂಡೇ ನಾನು ಹೊರಡುವುದು.

ನನಗೆ ಗೊತ್ತಿರುವ ಅತ್ಯುತ್ತಮ ನಕ್ಷೆ ಇದು: ಏಪ್ರಿಲ್‌ನಲ್ಲಿ ಒಣಗಿದ ಹಿನ್ನೀರಿನಲ್ಲಿ ನಡೆದುಕೊಂಡು ಹೋಗಿ. ಬೊಡ್ಡೆ, ಬಾವಿ ಕಂಡ ಕಡೆಯೆಲ್ಲ ಮೊಬೈಲ್ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳಿ. ಸೆಪ್ಟೆಂಬರಿನಲ್ಲಿ ಅದೇ ಗುರುತು ಮೀನು ಎಲ್ಲಿದೆ ಅಂತಲೂ ಹೇಳುತ್ತದೆ, ದೋಣಿ ಎಲ್ಲಿ ಹರಿದು ತೂತಾಗುತ್ತದೆ ಅಂತಲೂ ಹೇಳುತ್ತದೆ.

ದೋಣಿ ಯಾಕೆ ಮಗುಚುತ್ತದೆ

ಬಾಸ್ ಬೋಟು ಅಂದರೆ 18–20 ಅಡಿ ಉದ್ದ, ಮಿಣಮಿಣ ಬಣ್ಣ, ಹಿಂದೆ 200–250 ಹೆಚ್‌ಪಿ ಎಂಜಿನ್. ಅದರ ಮುಂದಿನ ಅಟ್ಟಣಿಗೆ ಮೇಲೆ ನಿಂತುಕೊಂಡೇ ಗಾಳ ಎಸೆಯುತ್ತಾರೆ. ನಮ್ಮ ಹತ್ತಡಿ ದೋಣಿಯಲ್ಲಿ ಹಾಗೆ ನಿಲ್ಲಲು ಹೋಗಿ ನಾನು ವಾಟೆಹೊಳೆಯಲ್ಲಿ ಒಂದು ರೀಲು, ಒಂದು ಮೊಬೈಲು, ಒಂದು ಚಪ್ಪಲಿ ಕಳೆದುಕೊಂಡಿದ್ದೇನೆ.

ತೂಕದ ಲೆಕ್ಕ ಸುಲಭ. ದೋಣಿ ಒಂದು ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಿದರೆ ನೀರು ಒಂದು ಕೆ.ಜಿ. ಹೊರುತ್ತದೆ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚಪ್ಪಟೆ ತಳದ ದೋಣಿ ಅಂತಿಟ್ಟುಕೊಳ್ಳಿ. ಅದು ಒಂದು ಸೆಂಟಿಮೀಟರ್ ಇಳಿದರೆ 30 ಲೀಟರ್ ತಳ್ಳಿದಂತೆ, ಅಂದರೆ 30 ಕೆ.ಜಿ. ಇಬ್ಬರು ಮನುಷ್ಯರು, ದೋಣಿ, ಬ್ಯಾಟರಿ, ಸಾಮಾನು ಸೇರಿ 220 ಕೆ.ಜಿ. ಆದರೆ ಏಳೂವರೆ ಸೆಂಟಿಮೀಟರ್ ಇಳಿಯುತ್ತದೆ. ಅಂಚು ನೀರಿನಿಂದ ಇನ್ನೂ ಒಂದಡಿ ಹತ್ತಿರ ಮೇಲಿರುತ್ತದೆ. ‘ಇನ್ನೊಬ್ಬ ಕೂರಬಹುದಲ್ಲಾ’ ಅನಿಸುವುದು ಆಗಲೇ. ಆದರೆ ಸಣ್ಣ ದೋಣಿಗಳು ಭಾರಕ್ಕೆ ಮುಳುಗುವುದಕ್ಕಿಂತ ವಾಲಿ ಮಗುಚುವುದೇ ಜಾಸ್ತಿ.

ದೋಣಿ ಬಲಕ್ಕೆ ವಾಲಿದರೆ ಬಲಭಾಗ ಹೆಚ್ಚು ಮುಳುಗುತ್ತದೆ. ಹಾಗಾಗಿ ನೀರು ಅಲ್ಲೇ ಹೆಚ್ಚು ಮೇಲಕ್ಕೆ ನೂಕುತ್ತದೆ. ಆ ನೂಕು ದೋಣಿಯನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಅಗಲ ಜಾಸ್ತಿಯಿದ್ದಷ್ಟೂ ನೂಕು ದೂರದಿಂದ ಬರುತ್ತದೆ, ದೋಣಿ ಗಟ್ಟಿ. ನೀವು ತಳದಲ್ಲಿ ಕೂತಿದ್ದರೆ ನಿಮ್ಮ ಭಾರ ಕೆಳಗಿರುತ್ತದೆ, ದೋಣಿ ವಾಲಿದರೂ ಅದು ಹೆಚ್ಚು ಪಕ್ಕಕ್ಕೆ ಹೋಗುವುದಿಲ್ಲ. ಎದ್ದು ನಿಂತ ಕೂಡಲೇ ಭಾರ ಮೇಲಕ್ಕೆ ಏರುತ್ತದೆ. ಈಗ ಅಷ್ಟೇ ವಾಲಿದರೂ ಭಾರ ಎಷ್ಟೋ ಪಕ್ಕಕ್ಕೆ ಹೋಗಿ, ನೀರಿನ ನೂಕನ್ನು ದಾಟಿಬಿಡುತ್ತದೆ. ದಾಟಿದ ಮೇಲೆ ನೀರಿನ ನೂಕೇ ದೋಣಿಯನ್ನು ಮಗುಚಲು ಸಹಾಯ ಮಾಡುತ್ತದೆ. ಹುಲ್ಲು ಎತ್ತರಕ್ಕೆ ಹೇರಿದ ಎತ್ತಿನಗಾಡಿ ಹಳ್ಳ ದಾಟುವುದನ್ನು ನೋಡಿದ್ದೀರಲ್ವಾ? ಸ್ವಲ್ಪ ವಾಲುತ್ತದೆ, ಸ್ವಲ್ಪ ವಾಲುತ್ತದೆ, ಆಮೇಲೆ ಒಮ್ಮೆಲೇ ಉರುಳುತ್ತದೆ. ನಡುವೆ ಎಚ್ಚರಿಕೆ ಕೊಡುವುದಿಲ್ಲ.

ದೋಣಿಯೊಳಗೆ ನೀರು ಸೇರಿದರೆ ಇನ್ನೂ ಕೆಟ್ಟದ್ದು. ಅದೇ ದೋಣಿಯಲ್ಲಿ ಐದು ಸೆಂಟಿಮೀಟರ್ ನೀರು ನಿಂತರೆ 150 ಲೀಟರ್. ಅಂದರೆ ಇಬ್ಬರು ಗಂಡಸರ ಭಾರ. ಈ ಇಬ್ಬರು ಸುಮ್ನೆ ಕೂರುವವರೂ ಅಲ್ಲ, ದೋಣಿ ಯಾವ ಕಡೆ ವಾಲಿದರೆ ಆ ಕಡೆಗೇ ಓಡುವವರು. ಅಗಲ ತಟ್ಟೆಯಲ್ಲಿ ನೀರು ತುಂಬಿ ಪಡಸಾಲೆಯಿಂದ ಅಡುಗೆಮನೆಗೆ ನಡೆದು ನೋಡಿ, ಅರ್ಥವಾಗುತ್ತದೆ. ಆದ್ದರಿಂದ ಒಂದು ಮಗ್ಗು ದೋಣಿಗೆ ಕಟ್ಟಿಯೇ ಇರಬೇಕು. ಅಂಗೈಯಷ್ಟು ನೀರು ಕಂಡರೂ ಎತ್ತಿ ಚೆಲ್ಲಿ.

ನಮ್ಮ ಹರಿಗೋಲು ಈ ಲೆಕ್ಕವನ್ನು ಚೆನ್ನಾಗಿ ಬಲ್ಲದು. ದುಂಡಗಿದೆ, ಹಾಗಾಗಿ ಎಲ್ಲ ದಿಕ್ಕಿಗೂ ಒಂದೇ ಅಗಲ. ತಳ ಚಪ್ಪಟೆ. ಬಲೆ ಎಳೆಯುವವರು ಅಂಚಿಗೆ ಬಾಗಿದರೂ ತಡೆಯುತ್ತದೆ. ಆದರೆ ಮೂತಿ ಇಲ್ಲದ್ದರಿಂದ ನೆಟ್ಟಗೆ ಹೋಗುವುದಿಲ್ಲ, ಗಾಳಿಗೆ ಬುಗುರಿಯ ಹಾಗೆ ತಿರುಗುತ್ತದೆ. ಹುಟ್ಟನ್ನು ಮುಂದೆ ಹಾಕಿ ತನ್ನ ಕಡೆಗೆ ಸೆಳೆದು ಅದನ್ನು ನೇರ ಓಡಿಸುವುದು ವರ್ಷಗಳ ಕೈಚಳಕ. ಒಂದು ಭಾನುವಾರದಲ್ಲಿ ಬರುವಂಥದ್ದಲ್ಲ, ನಾನು ಪ್ರಯತ್ನಿಸಿ ನಗೆಪಾಟಲಾಗಿದ್ದೇನೆ.

ಲೈಫ್ ಜಾಕೆಟ್ ಬಗ್ಗೆ ಒಂದೇ ಮಾತು. ಅದರ ಮೇಲೆ 50 ನ್ಯೂಟನ್, 100 ನ್ಯೂಟನ್ ಅಂತ ಬರೆದಿರುತ್ತದೆ. 50 ಅಂದರೆ ಸುಮಾರು ಐದು ಕೆ.ಜಿ.ಯಷ್ಟು ಎತ್ತುವ ಬಲ, ಈಜು ಬಲ್ಲವರಿಗೆ ಆಸರೆ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲೆ ತಿರುಗಿಸುವುದಿಲ್ಲ. ಈಜು ಬಾರದವರಿಗೆ 100 ಅಥವಾ ಮೇಲಿನದೇ ಬೇಕು. ಮೈಮೇಲೆ ಹಾಕಿ, ಬಕಲ್ ಬಿಗಿದಿರಬೇಕು. ಸೀಟಿನ ಕೆಳಗೆ ಇಟ್ಟರೆ ದಿಂಬಿಗೆ ಸಮ. ಮಗುಚಿಕೊಂಡರೆ ದೋಣಿ ಬಿಟ್ಟು ಈಜಬೇಡಿ. ನೀರಿನ ಮಟ್ಟದಿಂದ ನೋಡಿದಾಗ ದಡ ಇರುವುದಕ್ಕಿಂತ ಹತ್ತಿರ ಕಾಣುತ್ತದೆ.

ಗಾಳಿ, ಬಿಸಿಲು, ಪಿಎಸ್‌ಐ

ಅಲೆಯ ಎತ್ತರ ಗಾಳಿಯ ಜೋರಿನಿಂದ ಮಾತ್ರ ಬರುವುದಿಲ್ಲ. ಗಾಳಿ ನೀರಿನ ಮೇಲೆ ಎಷ್ಟು ದೂರ ಓಡಿ ಬಂದಿದೆ ಅನ್ನುವುದೂ ಸೇರುತ್ತದೆ. ಊರ ಕೆರೆಯಲ್ಲಿ ಬರೀ ತೆರೆ ಎಬ್ಬಿಸುವ ಗಾಳಿ, ಗೊರೂರಿನ ಬಯಲು ಹಿನ್ನೀರಿನಲ್ಲೋ ಲಕ್ಕವಳ್ಳಿಯ ಭದ್ರಾದಲ್ಲೋ ದೋಣಿಯೊಳಗೆ ನೀರು ಹಾರಿಸುತ್ತದೆ. ಸಖರಾಯಪಟ್ಟಣದ ಅಯ್ಯನಕೆರೆಯಂಥ ದೊಡ್ಡ ಕೆರೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಇಲ್ಲಿ ಬೆಳಗ್ಗೆ ನೀರು ಕನ್ನಡಿ. ಹನ್ನೊಂದರ ಮೇಲೆ ಗಾಳಿ ಏಳುತ್ತದೆ, ಮುಂಗಾರಿನಲ್ಲಿ ಸಕಲೇಶಪುರದ ಕಡೆಯಿಂದ, ಪಡುವಣದಿಂದ. ಅದಕ್ಕೇ ಬೆಳಗ್ಗೆ ಗಾಳಿ ಬರುವ ದಿಕ್ಕಿಗೇ ಹೋಗಿ. ಕೈ ಸೋತ ಮೇಲೆ ಗಾಳಿಯೇ ಮನೆಗೆ ತಳ್ಳಿಕೊಂಡು ಬರಲಿ. ಉಲ್ಟಾ ಮಾಡಿದವರು ಸಂಜೆಗೆ ಬೇರೆ ಊರಿನ ದಡದಲ್ಲಿ ದೋಣಿ ಎಳೆದಿಟ್ಟು ಬಸ್ಸಿಗೆ ಕಾಯುತ್ತಿರುತ್ತಾರೆ. ಬ್ಯಾಟರಿ ಮೋಟಾರ್ ಇದ್ದರೂ ಇದೇ ಲೆಕ್ಕ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಪೂರ್ತಿ ಇಳಿಸಿದರೆ ಬೇಗ ಹಾಳಾಗುತ್ತದೆ. ಮೋಟಾರ್ ಪೂರ್ತಿ ವೇಗದಲ್ಲಿ 30 ಆಂಪಿಯರ್ ಎಳೆದರೆ ನಿಮಗೆ ಉಳಿಯುವುದು ಒಂದೂವರೆ ಗಂಟೆ ಚಿಲ್ಲರೆ. ಎದುರುಗಾಳಿಗೆ ಅದೂ ಸಾಲದು. ಹುಟ್ಟು ಜೊತೆಗಿರಲಿ.

ಏಪ್ರಿಲ್-ಮೇ ಸಂಜೆಯ ಗುಡುಗು ಮಳೆ ಬೇರೆಯೇ ವಿಷಯ. ಕಾರ್ಬನ್ ಫೈಬರ್ ರಾಡಿನಲ್ಲಿ ಕರೆಂಟ್ ಹರಿಯುತ್ತದೆ. ಬಯಲು ನೀರಿನ ಮೇಲೆ ಅದನ್ನು ಎತ್ತಿ ಹಿಡಿದ ನೀವೇ ಅಲ್ಲಿನ ಎತ್ತರದ ಮರ. ಮೊದಲ ಗುಡುಗಿಗೇ ದಡ ಸೇರಿ.

ಗಾಳಿ ತುಂಬುವ ದೋಣಿಯವರಿಗೆ ಇನ್ನೊಂದು ಪಾಠ. ವಾಲ್ವಿನ ಹತ್ತಿರ 3 ಪಿಎಸ್‌ಐ ಅಂತ ಬರೆದಿರುತ್ತದೆ. ಠಾಣೆಯ ಪಿಎಸ್‌ಐ ಅಲ್ಲ, ಒತ್ತಡದ ಅಳತೆ. ಬೆಳಗ್ಗೆ 20 ಡಿಗ್ರಿ ಚಳಿಯಲ್ಲಿ 3ಕ್ಕೆ ತುಂಬಿ, ಮಧ್ಯಾಹ್ನ ದಡದ ಬಿಸಿಲಿಗೆ ಎಳೆದಿಟ್ಟು ಊಟಕ್ಕೆ ಕೂತರೆ ಒಳಗಿನ ಗಾಳಿ 50 ಡಿಗ್ರಿಗೆ ಹೋಗಬಹುದು. 3 ಅನ್ನುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚಿರುವುದು ಎಷ್ಟು ಅಂತ ಮಾತ್ರ. ಹಾಸನದ ಎತ್ತರದಲ್ಲಿ ಹೊರಗಿನದೇ ಸುಮಾರು 13. ಒಳಗೆ ಒಟ್ಟು 16. ಬಿಸಿಯಾದಾಗ ಹಿಗ್ಗುವುದು ಆ 16, ಸುಮಾರು ಹತ್ತರಲ್ಲೊಂದು ಭಾಗ. ಅಂದರೆ ಹದಿನೇಳೂವರೆ ದಾಟುತ್ತದೆ. ಹೊರಗಿನ 13 ಕಳೆದರೆ ನಾಲ್ಕೂವರೆಯ ಮೇಲೆ. ದೋಣಿಯ ಹೊಲಿಗೆ ತಾಳುವುದು 3 ಅಂತ ಕಂಪನಿ ಹೇಳಿತ್ತು. ನನ್ನ ಮೊದಲ ದೋಣಿ ಹೀಗೇ ಹಲಸಿನ ಮರದ ಕೆಳಗೆ ನಾವು ಬುತ್ತಿ ಬಿಚ್ಚುವಾಗ ‘ಪುಸ್’ ಅಂದಿತು. ದಡಕ್ಕೆ ತಂದ ಕೂಡಲೇ ಸ್ವಲ್ಪ ಗಾಳಿ ಬಿಡಿ, ಇಲ್ಲವೇ ನೆರಳಿಗೆ ಎಳೆಯಿರಿ.

ಕೇಳಿಕೊಂಡು ಇಳಿಯಿರಿ

ನೀರು ಎಲ್ಲರದ್ದು ಅನಿಸುತ್ತದೆ, ಮೀನು ಹಾಗಲ್ಲ. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಸಂಘಕ್ಕೋ ಹರಾಜು ಹಿಡಿದವರಿಗೋ ಕೊಟ್ಟಿರುತ್ತಾರೆ. ಜಲಾಶಯಕ್ಕೆ ಮೀನುಗಾರಿಕೆ ಇಲಾಖೆಯ ಪರವಾನಗಿ ಇರುತ್ತದೆ. ಹಕ್ಕು ಪಡೆದವರು ಕಟ್ಲಾ, ರೋಹು ಮರಿ ಬಿಟ್ಟು ದುಡ್ಡು ಹಾಕಿರುತ್ತಾರೆ. ಹೋಗಿ ಕೇಳಿ. ಕೊರವ ಹಿಡಿದು ಬಿಡುತ್ತೇನೆ ಅಂದರೆ ಬಹಳ ಕಡೆ ನಕ್ಕು ಒಪ್ಪುತ್ತಾರೆ. ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ, ಸುತ್ತಿಕೊಂಡು ಹೋಗಿ. ಎಂಜಿನ್ ಕೂರಿಸಿದ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ತಪಾಸಣೆ, ನೋಂದಣಿ ಇದೆ. ತರುವ ಮೊದಲೇ ವಿಚಾರಿಸಿಕೊಳ್ಳಿ. ಭದ್ರಾ ಹುಲಿ ಮೀಸಲು ಪ್ರದೇಶದೊಳಗೆ ಗಾಳ ಹಾಕುವ ಮಾತೇ ಇಲ್ಲ. ಶೃಂಗೇರಿಯ ತುಂಗಾ ತೀರದಲ್ಲೂ, ರಾಮನಾಥಪುರದ ಕಾವೇರಿಯಲ್ಲೂ ದೇವರ ಮೀನು, ಅಲ್ಲಿ ಪುರಿ ಹಾಕಿ ಕೈಮುಗಿದು ಬನ್ನಿ.

ಹೇಮಾವತಿ ಕಾವೇರಿಗೆ ಸೇರುವ ಹೊಳೆ. ಕಾವೇರಿ ಕೊಳ್ಳದ ಡುಬ್ಬದ ಮಹಶೀರ್ 2018ರಿಂದ ತೀರಾ ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ದೊಡ್ಡ ಹುರುಪೆಯ, ದಪ್ಪ ತುಟಿಯ ಮೀನು ಯಾವತ್ತಾದರೂ ಸಿಕ್ಕರೆ ನೀರಿನಿಂದ ಎತ್ತದೆ ಗಾಳ ಬಿಡಿಸಿ.

ಆಲೂರು, ಸಕಲೇಶಪುರ, ಬೇಲೂರು ಕಡೆ ಬೆಳಗಿನ ಐದಕ್ಕೆ ಹೊರಡುವವರು ಮೊದಲು ಊರಿನ ವಾಟ್ಸಾಪ್ ಗುಂಪು ನೋಡಿ. ಆನೆ ರಾತ್ರಿ ಎಲ್ಲಿತ್ತು ಅಂತ ಯಾರಾದರೂ ಹಾಕಿರುತ್ತಾರೆ. ನೀರಿಗೆ ನೀವು ಮಾತ್ರ ಬರುವುದಿಲ್ಲವಲ್ಲ.

ವಾಪಸ್ ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ದೋಣಿಯನ್ನು ಒಣಗಿಸದೆ ಮಡಚಬೇಡಿ. ಮಲೆನಾಡಿನ ಥಂಡಿಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಮರಳಿನ ಕಣ ಮಡಿಕೆಯಲ್ಲಿ ಉಳಿದರೆ ಅಲ್ಲೇ ತೂತು. ಒರೆಸಿ, ನೆರಳಲ್ಲಿ ಒಣಗಿಸಿ, ಸಡಿಲವಾಗಿ ಮಡಚಿ ಹಗ್ಗದಲ್ಲಿ ಜೋತು ಬಿಡಿ. ಅಟ್ಟದ ಮೇಲಂತೂ ಇಡಲೇಬೇಡಿ. ನನ್ನ ಎರಡನೆಯ ದೋಣಿಗೆ ಬಿಸಿಲೂ ಏನೂ ಮಾಡಲಿಲ್ಲ, ಬೊಡ್ಡೆಯೂ ಏನೂ ಮಾಡಲಿಲ್ಲ. ಅಟ್ಟದಲ್ಲಿ ಭತ್ತದ ಮೂಟೆ ಪಕ್ಕ ಇಟ್ಟಿದ್ದೆ, ಇಲಿ ತಿಂದಿತು.